ಮನ್ಸಿಯ ಕಿರುವಿಮಾನಗಳೂ ಒಂದು ಹಳೆಯ ರೇಡಿಯೋ ಪೆಟ್ಟಿಗೆಯೂ

ಅಮೇರಿಕಾ ದೇಶದ ಇಂಡಿಯಾನಾ ಪ್ರಾಂತದಲ್ಲಿ, ಇಂಡಿಯಾನಾಪೊಲಿಸ್ ನಗರದಿಂದ ಈಶಾನ್ಯಕ್ಕೆ ಸುಮಾರು ೬೦ ಮೈಲಿಗಳ ದೂರದಲ್ಲಿ, ವೈಟ್ ರಿವರ್ ಎಂಬ ನದಿಯ ದಡದಲ್ಲಿ ಮನ್ಸಿಯೆಂಬ ಊರಿದೆ. ಹಣ್ಣು ತರಕಾರಿಗಳನ್ನು ವರ್ಷವಿಡೀ ಕೆಡದಂತೆ ತುಂಬಿಡುವ ಗಾಜಿನ ಜಾಡಿಗಳ ದೆಸೆಯಿಂದ ಆ ದೇಶದ ಗೃಹಿಣಿಯರಿಗೆಲ್ಲ ಈ ಊರಿನ ಬಾಲ್ ಸಹೋದರರ ಹೆಸರು ಚಿರಪರಿಚಿತವಾದುದು. ಅವರ ಹೆಸರನ್ನೇ ಹೊತ್ತ ವಿಶ್ವವಿದ್ಯಾನಿಲಯವೂ ಇಲ್ಲಿ ಉಂಟು. ಆದರೆ ನಾವು ಅಲ್ಲಿಗೆ ಹೋದದ್ದು ಜಾಡಿಗಳನ್ನು ನೋಡುವುದಕ್ಕಲ್ಲ, ವಿದ್ಯಾಲಯವನ್ನು ನೋಡುವುದಕ್ಕೂ ಅಲ್ಲ.

ಮಗನ ಸಂಸಾರದೊಡನೆ ಕೆಲವು ತಿಂಗಳು ಇಂಡಿಯಾನಾಪೊಲಿಸಿನಲ್ಲಿದ್ದಾಗ ನೆರೆಮನೆಯ ವೃದ್ಧರೊಬ್ಬರ ಪರಿಚಯವಾಯಿತು. ಕಾಲವಾದ ತಮ್ಮ ಅಣ್ಣನ ಮನೆಯನ್ನು ಬರಿದುಮಾಡುವಾಗ ಅವರಿಗೆ ತಗಡಿನ ಪೆಟ್ಟಿಗೆಯೊಂದು ದೊರೆತಿತ್ತು. ಮೇಲೊಂದು ಗುಂಡಿ, ಒಂದು ಉದ್ದನೆಯ ಏರಿಯಲ್ ಕಡ್ಡಿ. ಜೊತೆಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಮತ್ತೊಂದು ಯಂತ್ರ. ಇದು ಏನು, ಯಾವ ಕಾಲದ್ದು, ಮತ್ತೆ ಜೀವ ಬರುವುದೋ ಎಂಬುದನ್ನು ತಿಳಿಯಬೇಕೆಂದು ಅವರು ಹೊರಟರು. ನಾವೂ ಕುತೂಹಲದಿಂದ ಜೊತೆಗೂಡಿದೆವು.

೧೯೩೬ರಲ್ಲಿ ಹುಟ್ಟಿದ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್ ಎಂಬ ಸಂಘದ ಕೇಂದ್ರಸ್ಥಾನವು ಈಗ ಮನ್ಸಿಯಲ್ಲಿದೆ. ಸುಮಾರು ೧,೦೦೦ ಎಕರೆಗಳ ಬಯಲು. ದೃಷ್ಟಿ ಹರಿಯುವವರೆಗೂ ಸಮನಾದ ಹುಲ್ಲು. ಮೇಲೆ ತಡೆಯಿಲ್ಲದ ಆಕಾಶ. ಕಿರುವಿಮಾನಗಳಿಗೆಂದೇ ಮೀಸಲಾದ ವಸ್ತುಸಂಗ್ರಹಾಲಯವೂ ಆ ಆವರಣದಲ್ಲಿಯೇ ಇದೆ. ಮಕ್ಕಳ ಆಟದ ಸಾಮಾನೆಂದು ಭಾವಿಸಿ ಒಳಹೊಕ್ಕವರು ಹೊರಬರುವಾಗ ಆ ಮಾತನ್ನಾಡಲಾರರು.

ಈ ವಿದ್ಯೆಯ ಆದಿಯನ್ನು ವಾಚಕರಿಗೆ ಸಂಕ್ಷೇಪವಾಗಿ ಹೇಳಬೇಕು. ಮಿಚಿಗನ್ ಪ್ರಾಂತದ ಕಲಮಜೂ ಎಂಬ ಊರಿನಲ್ಲಿ ವಾಲ್ಟರ್ ಗುಡ್, ವಿಲಿಯಂ ಗುಡ್ ಎಂಬ ಅವಳಿ ಸೋದರರಿದ್ದರು. ಒಬ್ಬನು ವಿಮಾನವನ್ನು ಕಟ್ಟಿದನು. ಇನ್ನೊಬ್ಬನು ರೇಡಿಯೋ ಯಂತ್ರವನ್ನು ಕಟ್ಟಿದನು. ೧೯೩೭ರಲ್ಲಿ ಅವರ ‘ಗಫ್’ ಎಂಬ ವಿಮಾನವು ನೆಲದ ಮೇಲೆ ನಿಂತವನ ಆಜ್ಞೆಗೆ ಆಕಾಶದಲ್ಲಿ ತಿರುಗಿತು. ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ‘ಆಕಾಶವಾಣಿ’ಯನ್ನು ಆರಂಭಿಸಿ ಆಗ ಎರಡೇ ವರ್ಷವಾಗಿತ್ತೆಂದರೆ ಕಾಲವು ಮನಸ್ಸಿಗೆ ಬಂದೀತು. ಮರುವರ್ಷ ಆ ವಿಮಾನವು ರಾಷ್ಟ್ರೀಯ ಸ್ಪರ್ಧೆಯಲ್ಲಿ ಗೆದ್ದಿತು. ೧೯೬೦ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿತು.

ಹಳೆಯ ಯಂತ್ರವನ್ನು ಗುರುತಿಸಲು ಮೊದಲು ಅದರ ಮುಖವನ್ನು ನೋಡಬೇಕು. ಒಂದೇ ಗುಂಡಿಯಿದ್ದರೆ ಅದು ಮೊದಲ ತಲೆಮಾರಿನ ರೀತಿಯದು. ವಿಮಾನದೊಳಗೆ ತಿರುಚಿದ ರಬ್ಬರಿನ ಬಲದಿಂದ ತಿರುಗುವ ‘ಎಸ್ಕೇಪ್‌ಮೆಂಟ್’ ಎಂಬ ಸಣ್ಣ ಚಕ್ರವಿರುವುದು. ಗುಂಡಿಯನ್ನು ಒತ್ತಿ ಹಿಡಿದರೆ ಚುಕ್ಕಾಣಿ ಬಲಕ್ಕೆ, ಬಿಟ್ಟರೆ ನೇರಕ್ಕೆ, ಮತ್ತೆ ಒತ್ತಿದರೆ ಎಡಕ್ಕೆ. ಮುಂದಿನ ಸರದಿ ಯಾವುದೆಂಬುದನ್ನು ಹಾರಿಸುವವನು ನೆನಪಿನಲ್ಲಿಡತಕ್ಕದ್ದು. ಸಣ್ಣ ಸನ್ನೆಗಳು ಜೋಡಿಜೋಡಿಯಾಗಿದ್ದರೆ ಅದು ‘ರೀಡ್’ ಯಂತ್ರ. ಅದರ ರಿಸೀವರಿನಲ್ಲಿ ಹಾರ್ಮೋನಿಯಮ್ಮಿನ ಪತ್ತಿಗಳಂತೆ ಉಕ್ಕಿನ ಪತ್ತಿಗಳಿದ್ದು, ಒಂದೊಂದು ಸ್ವರಕ್ಕೆ ಒಂದೊಂದು ಕಂಪಿಸುವುದು. ಕೈ ಎಷ್ಟು ಸರಿದರೆ ಚುಕ್ಕಾಣಿಯೂ ಅಷ್ಟೇ ಸರಿಯುವ ಕೋಲುಗಳು ೧೯೬೦ರ ದಶಕದಲ್ಲಿ ಬಳಕೆಗೆ ಬಂದವು.

ಎರಡನೆಯ ಗುರುತು ಒಳಗಿನ ಸ್ಫಟಿಕದ ಮೇಲಿನ ಸಂಖ್ಯೆ. ನಮ್ಮ ನೆರೆಯವರ ಪೆಟ್ಟಿಗೆಯಲ್ಲಿ ೨೭.೨೫೫ ಎಂದಿತ್ತು. ೧೯೫೮ರಲ್ಲಿ ಸರ್ಕಾರವು ಇದರ ನೆರೆಯಲ್ಲಿ ಇನ್ನೂ ಐದು ಸಂಖ್ಯೆಗಳನ್ನು ಬಿಟ್ಟುಕೊಟ್ಟ ಮೇಲೆ, ಒಂದೊಂದಕ್ಕೂ ಒಂದೊಂದು ಬಣ್ಣದ ಪತಾಕೆಯನ್ನು ಏರಿಯಲ್ಲಿಗೆ ಕಟ್ಟುವ ವಾಡಿಕೆಯಾಯಿತು, ೨೭.೨೫೫ಕ್ಕೆ ನೀಲಿ. ಮೂರನೆಯ ಗುರುತು ಒಳಗಿನ ಅಂಗಗಳು. ಇಲ್ಲಿದ್ದವು ಕಿರುಬೆರಳಿಗಿಂತ ಸಣ್ಣ ಗಾಜಿನ ವಾಲ್ವುಗಳು; ಟ್ರಾನ್ಸಿಸ್ಟರು ಒಂದೂ ಇರಲಿಲ್ಲ. ಹೊರಗಿನ ಫಲಕದಲ್ಲಿ ‘ಸಿಟಿಜನ್-ಶಿಪ್’ ಎಂಬ ಹೆಸರು. ಸಂಗ್ರಹಾಲಯದ ಯಂತ್ರಗಳ ಸಾಲಿನೊಡನೆ ಹೋಲಿಸಿದಾಗ ೧೯೫೦ರ ದಶಕದ್ದೆಂಬುದರಲ್ಲಿ ಸಂದೇಹ ಉಳಿಯಲಿಲ್ಲ. ಆ ಕಂಪೆನಿಯಿದ್ದುದು ಇಂಡಿಯಾನಾಪೊಲಿಸಿನಲ್ಲಿಯೇ! ಪೆಟ್ಟಿಗೆಯು ಹುಟ್ಟಿದ ಊರನ್ನು ಬಿಟ್ಟು ಹೋಗಿರಲಿಲ್ಲ.

ಹಿಂದಿರುಗಿದ ಮೇಲೆ ಜೀರ್ಣೋದ್ಧಾರದ ಚರ್ಚೆಯಾಯಿತು. ಈ ಕೆಲಸ ಬಲ್ಲ ಪರಿಚಿತರೊಬ್ಬರು ಎರಡು ದಾರಿಗಳನ್ನು ತೋರಿಸಿದರು. ಒಳಗಿನದನ್ನೆಲ್ಲ ಕಿತ್ತು ಈ ಕಾಲದ ಯಂತ್ರವನ್ನಿಟ್ಟರೆ ಒಂದೇ ವಾರದಲ್ಲಿ ವಿಮಾನ ಹಾರಿಸಬಹುದು. ಇಲ್ಲವೇ ಇದ್ದುದನ್ನೇ ಬದುಕಿಸಬಹುದು. ಆದರೆ ಅದನ್ನು ನಂಬಿ ಹಾರಿಸಲಾಗದು. ಆ ಕಾಲದ ಅನೇಕ ರಿಸೀವರುಗಳು ನೆರೆಹೊರೆಯ ಅಲೆಗಳಿಗೂ ಓಗೊಡುವಂಥವು. ಆಜ್ಞೆ ಕೇಳದ ವಿಮಾನವು ಯಾರ ತಲೆಯ ಮೇಲೆ ಬಿದ್ದೀತೋ ಹೇಳಬಲ್ಲವರಾರು? ಅಣ್ಣನ ಯಂತ್ರವು ಒಮ್ಮೆಯಾದರೂ ಹಾರುವುದನ್ನು ಕಾಣಬೇಕೆಂದಿದ್ದ ವೃದ್ಧರ ಮುಖ ಬಾಡಿತು. ಮೂರು ದಿನ ಅವರು ಏನನ್ನೂ ಹೇಳಲಿಲ್ಲ.

ನಿರ್ಧಾರವಾದದ್ದು ಒಂದು ತಂತಿಯಿಂದ. ಉಳಿದ ತಂತಿಗಳ ನಡುವೆ ಹೊಂದದ ನೀಲಿ ತಂತಿಯೊಂದನ್ನು ಒರಟಾಗಿ ಬೆಸೆದಿತ್ತು. ಕಾರ್ಖಾನೆಯ ಕೆಲಸವಲ್ಲ, ತೆಗೆದುಬಿಡೋಣವೆಂದು ಪರಿಚಿತರು ಕೈಹಾಕಿದರು. ಮುಚ್ಚಳದ ಒಳಮೈಯಲ್ಲಿ ಸೀಸದಕಡ್ಡಿಯಿಂದ ಬರೆದಿದ್ದ ಎರಡು ಸಾಲು ಆಗ ಕಣ್ಣಿಗೆ ಬಿತ್ತು: ತಂತಿಯನ್ನು ಬದಲಿಸಿದ ದಿನ, ಅದರ ಕಾರಣ. ಅದು ಅಣ್ಣನ ಕೈಬರಹ. ತಾಳೆಯ ಗರಿಯ ಅಂಚಿನಲ್ಲಿ ಓದುಗನೊಬ್ಬನು ಬರೆದಿಟ್ಟ ಟಿಪ್ಪಣಿಯನ್ನು ಅಶುದ್ಧವೆಂದು ಒರಸಿಹಾಕುವ ಸಂಶೋಧಕನನ್ನು ನಾವು ಪಂಡಿತನೆನ್ನುವುದಿಲ್ಲ. ನಮ್ಮ ವ್ಯಾಕರಣದಲ್ಲಿ ಲೋಪ, ಆಗಮ, ಆದೇಶವೆಂದು ಮೂರು ವಿಕಾರಗಳುಂಟು. ದುರಸ್ತಿಯೂ ಇವುಗಳಿಂದಲೇ ಆಗುವುದು. ಆದರೆ ಏನು ಲೋಪವಾಯಿತು, ಅದರ ಸ್ಥಾನದಲ್ಲಿ ಏನು ಬಂದಿತು ಎಂಬುದು ಮುಂದಿನವನಿಗೆ ತಿಳಿಯುವಂತಿರಬೇಕು. ನಾವು ಇದನ್ನು ಹೇಳಿದಾಗ ವೃದ್ಧರು, ತಂತಿ ಇರಲಿ, ಹಾರುವುದು ಬೇಡವೆಂದರು.

ಬಳಿಕ ಕೆಲಸವು ಕ್ರಮವಾಗಿ ನಡೆಯಿತು. ಮೊದಲು ಎಲ್ಲ ಕಡೆಯಿಂದಲೂ ಭಾವಚಿತ್ರ ತೆಗೆದರು. ಅದಕ್ಕೆ ಮುಂಚೆ ಯಾವ ಬ್ಯಾಟರಿಯನ್ನೂ ಜೋಡಿಸಲಿಲ್ಲ. ಹಳೆಯ ಬ್ಯಾಟರಿ ಸೋರಿ ಕಿಲುಬು ಹಿಡಿದಿತ್ತು. ಆ ಕಾಲದ ಸಾಧಾರಣ ಒಣ ಬ್ಯಾಟರಿಯ ಸೋರಿಕೆ ಆಮ್ಲ; ಅದಕ್ಕೆ ನೀರಿನಲ್ಲಿ ಕದಡಿದ ಅಡಿಗೆಸೋಡವೇ ಮದ್ದು. ಅನಂತರ ಬಂದ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿಯ ಸೋರಿಕೆ ಕ್ಷಾರ. ಅದಕ್ಕೆ ತಿಳಿಯಾದ ವಿನೆಗರ್. ಜಡ್ಡನ್ನರಿಯದೆ ಮದ್ದು ಕೊಡಬಾರದೆಂಬುದು ಇಲ್ಲಿಯೂ ಸಲ್ಲುವುದು. ಸತ್ವವಳಿದ ರಬ್ಬರನ್ನೂ ಕೆಟ್ಟ ಕಂಡೆನ್ಸರುಗಳನ್ನೂ ಬದಲಿಸಿ, ಹಳೆಯವನ್ನು ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದರು. ರಿಸೀವರಿಗೆ ಬೇಕಾದ ೪೫ ವೋಲ್ಟಿನ ಬ್ಯಾಟರಿಗೆ ಬದಲಾಗಿ ೯ ವೋಲ್ಟಿನ ಐದನ್ನು ಸಾಲಾಗಿ ಜೋಡಿಸಿದರು. ಅಲೆಗಳು ದೂರ ಹರಡಿ ಅನ್ಯರಿಗೆ ತೊಂದರೆಯಾಗದಂತೆ ಏರಿಯಲ್ಲಿನ ಬದಲು ಸಣ್ಣದೊಂದು ಬಲ್ಬನ್ನಿಟ್ಟರು.

ವೃದ್ಧರು ಗುಂಡಿಯನ್ನೊತ್ತಿದರು. ಬಲ್ಬು ಮಂಕಾಗಿ ಬೆಳಗಿತು. ಮೇಜಿನ ಆ ತುದಿಯಲ್ಲಿ ‘ಟಿಕ್’ ಎಂದು ಚಕ್ರ ತಿರುಗಿ ನಿಂತಿತು. ಬಿಟ್ಟರೆ ಮತ್ತೊಮ್ಮೆ ‘ಟಿಕ್’. ತಾವು ಹುಡುಗರಾಗಿದ್ದಾಗ ರಾತ್ರಿ ಅಣ್ಣನ ಕೋಣೆಯಿಂದ ಈ ಸಪ್ಪಳ ಕೇಳುತ್ತ ನಿದ್ದೆಹೋಗುತ್ತಿದ್ದೆವೆಂದು ಅವರು ಹೇಳಿ ಬಹಳ ಹೊತ್ತು ಒತ್ತುತ್ತಲೇ ಕುಳಿತರು.

ನಮ್ಮ ಮನೆಗಳ ಅಟ್ಟಗಳಲ್ಲಿಯೂ ಹಿರಿಯರ ಹಳೆಯ ರೇಡಿಯೋ, ಗಡಿಯಾರ, ಹತಾರಗಳ ಪೆಟ್ಟಿಗೆ ಬಿದ್ದಿರುವುವು. ಗುಜರಿಯವನನ್ನು ಕರೆಯುವ ಮುನ್ನ ಗೃಹಸ್ಥರು ಮುಚ್ಚಳವನ್ನು ಒಮ್ಮೆ ತೆರೆದು ಒಳಮೈಯನ್ನು ನೋಡಬೇಕು. ತಿಳಿದವರು ಮನೆಯಲ್ಲಿರುವಾಗಲೇ ಇದು ಇಂಥವರದು, ಇಂಥ ಕೆಲಸಕ್ಕೆ ಬಳಸಿದ್ದು ಎಂದು ಕೇಳಿ ಬರೆದು ಒಳಗಿಡಬೇಕು. ಒಂದು ಚೀಟಿಗೆ ಬೇಕಾದುದು ಐದು ನಿಮಿಷ. ಕೇಳಬೇಕಾದವರು ಮಾತ್ರ ಎಂದಿಗೂ ಇರುವುದಿಲ್ಲ.