ಗಾಮಾ ಕಿರಣದ ಅಳತೆ: ಒಂದು ನೆನಪು

ವೃತ್ತಿಜೀವನದ ಅನುಭವವನ್ನು ಕುರಿತು ಸ್ಮರಣ ಸಂಚಿಕೆಗೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನೆನಪಿಗೆ ಬಂದುದು ಬೆಂಕಿಪೊಟ್ಟಣದಷ್ಟರ ಒಂದು ವಸ್ತು. 1970ರ ದಶಕದಲ್ಲಿ ನಾನು ಆಸ್ಪತ್ರೆಯೊಂದರ ಕ್ಷ-ಕಿರಣ ವಿಭಾಗದಲ್ಲಿದ್ದೆ. ಅಲ್ಲಿ ನಮ್ಮೆಲ್ಲರ ಎದೆಯ ಮೇಲೂ ಫಿಲ್ಮ್ ಬ್ಯಾಡ್ಜ್ ಇರುತ್ತಿತ್ತು. ಬೆಳಕು ತಾಗದಂತೆ ಸುತ್ತಿದ ಫಿಲ್ಮಿನ ತುಣುಕು, ಅದರ ಮುಂದೆ ಬೇರೆ ಬೇರೆ ಲೋಹಗಳ ತಗಡುಗಳು. ಕಿರಣ ತಾಗಿದಷ್ಟೂ ಫಿಲ್ಮು ಕಪ್ಪಾಗುತ್ತದೆ. ಆ ಕಪ್ಪನ್ನು ಅಳೆದು ಮನುಷ್ಯನಿಗೆ ತಗುಲಿದ ಪ್ರಮಾಣವನ್ನು ನಿರ್ಧರಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ನನ್ನ ಹೆಸರಿನ ಮುಂದೆ ಗಾಬರಿ ಹುಟ್ಟಿಸುವ ಅಂಕಿ ಬಂದಿತು. ಮೂರು ರಾತ್ರಿ ನಿದ್ರೆಯಿಲ್ಲ. ವಿಚಾರಿಸಲಾಗಿ ತಪ್ಪು ನನ್ನದೇ ಆಗಿತ್ತು. ಬ್ಯಾಡ್ಜ್ ಸಮೇತ ಕೋಟನ್ನು ಬಿಸಿಲು ಬೀಳುವ ಕಿಟಕಿಯ ಬಳಿ ತೂಗುಹಾಕಿ ರಜೆಯ ಮೇಲೆ ಹೋಗಿದ್ದೆ. ಕಾವಿಗೇ ಫಿಲ್ಮು ಮಬ್ಬಾಗಿತ್ತು. ಎಲ್ಲ ತಗಡುಗಳ ಹಿಂದೆಯೂ ಅದು ಒಂದೇ ಸಮನಾಗಿ ಕಪ್ಪಾಗಿದ್ದುದರಿಂದ ಇದು ಕಿರಣದ ಕೆಲಸವಲ್ಲವೆಂದು ತಿಳಿಯಿತು.

ಅಣ್ವಸ್ತ್ರ ಪರೀಕ್ಷೆಗಳ ಕಾಲದ ಅಳತೆಗಳನ್ನು ಕುರಿತು ಓದುವ ಹುಚ್ಚು ಹಿಡಿದುದು ಆ ಬಳಿಕ. ಪೆಸಿಫಿಕ್ ಸಾಗರದ ಬಿಕಿನಿಯಲ್ಲಿ 1946ರಲ್ಲಿ ಅಮೆರಿಕವು ನಡೆಸಿದ ಎರಡು ಸ್ಫೋಟಗಳಲ್ಲಿ ಸುಮಾರು 42,000 ಜನ ಪಾಲ್ಗೊಂಡಿದ್ದರು. ಬ್ಯಾಡ್ಜ್ ದೊರೆತುದು ನೂರಕ್ಕೆ ಸುಮಾರು ಹದಿನೈದು ಮಂದಿಗೆ. ಆ ದ್ವೀಪಗಳ ಸೆಕೆ ಮತ್ತು ತೇವವಂತೂ ಫಿಲ್ಮಿಗೆ ನನ್ನ ಕಿಟಕಿಗಿಂತಲೂ ಕೇಡು.

1954ರ ಮಾರ್ಚ್ 1ರಂದು ಅದೇ ಬಿಕಿನಿಯಲ್ಲಿ ಸಿಡಿಸಿದ ಜಲಜನಕ ಬಾಂಬಿನ ಶಕ್ತಿ 15 ಮೆಗಾಟನ್, ನಿರೀಕ್ಷಿಸಿದುದರ ಎರಡು ಪಟ್ಟಿಗೂ ಮಿಗಿಲು. ಪೂರ್ವದ ರೊಂಗೆರಿಕ್ ದ್ವೀಪದಲ್ಲಿ ಹವಾಮಾನ ವೀಕ್ಷಣೆಗಾಗಿ 28 ಮಂದಿ ಅಮೆರಿಕನ್ನರಿದ್ದರು. ಬೂದಿ ಉದುರತೊಡಗಿದಾಗ ಅವರ ಯಂತ್ರದ ಮುಳ್ಳು ಗಂಟೆಗೆ 100 ಮಿಲಿರೋಂಟ್ಜನ್ ಎಂಬ ಕೊನೆಯ ಗೆರೆಯನ್ನು ದಾಟಿ ನಿಂತಿತು. ಮುಂದಿನದನ್ನು ತೋರಿಸಲು ಅದಕ್ಕೆ ಜಾಗವಿರಲಿಲ್ಲ. ಉಳಿದವು ಬ್ಯಾಡ್ಜುಗಳು. ಒಳಗೂ ಹೊರಗೂ ಧರಿಸಿ ಓಡಾಡಿದವು 50ರಿಂದ 65 ರೋಂಟ್ಜನ್ ತೋರಿಸಿದವು. ಬಯಲಿನಲ್ಲೇ ಉಳಿದಿದ್ದ ಒಂದು 98 ತೋರಿಸಿತು. ಶೀತಲಪೆಟ್ಟಿಗೆಯೊಳಗೆ ಇಟ್ಟಿದ್ದವು 38. ಒಂದೇ ದ್ವೀಪ, ಒಂದೇ ಬೂದಿ! ಯಾವ ಸಿಪಾಯಿ ಎಷ್ಟು ಹೊತ್ತು ಗುಡಿಸಲಿನಲ್ಲಿದ್ದ, ಎಷ್ಟು ಹೊತ್ತು ಹೊರಗಿದ್ದ ಎಂಬುದನ್ನು ಕೇಳಿ ತಿಳಿಯದೆ ಈ ಅಂಕಿಗಳಿಂದ ಅವನ ಪ್ರಮಾಣವನ್ನು ಹೇಳುವಂತಿರಲಿಲ್ಲ.

ಬಿಕಿನಿಗೆ ಇನ್ನೂ ಸಮೀಪದ ರೊಂಗೆಲಾಪ್‌ನಲ್ಲಿ 64 ಜನ ದ್ವೀಪವಾಸಿಗಳಿದ್ದರು. ಅವರಲ್ಲಿ ಯಾರ ಎದೆಯ ಮೇಲೂ ಬ್ಯಾಡ್ಜ್ ಇರಲಿಲ್ಲ. ಎರಡು ದಿನಗಳ ಮೇಲೆ ಅವರನ್ನು ಅಲ್ಲಿಂದ ಸಾಗಿಸಲಾಯಿತು. ಅನಂತರ ನೆಲದ ಮೇಲೆ ಉಳಿದಿದ್ದ ಗಾಮಾ ಕಿರಣವನ್ನು ಅಳೆದು, ಲೆಕ್ಕವನ್ನು ಹಿಂದಕ್ಕೆ ನಡೆಸಿದರು. ಕಾಲ ಏಳು ಪಟ್ಟಾದರೆ ತೀವ್ರತೆ ಹತ್ತರಲ್ಲಿ ಒಂದು ಪಾಲಾಗುತ್ತದೆಂಬುದು ಸ್ಥೂಲ ನಿಯಮ. 49ನೆಯ ಗಂಟೆಯಲ್ಲಿ ಒಂದು ಇದ್ದರೆ ಏಳನೆಯ ಗಂಟೆಯಲ್ಲಿ ಹತ್ತು. ಆದರೆ ಬೂದಿ ಯಾವ ಗಂಟೆಗೆ ಆರಂಭವಾಯಿತು, ಯಾವಾಗ ನಿಂತಿತು? ಅದನ್ನು ಬರೆದಿಟ್ಟ ಯಂತ್ರ ಅಲ್ಲಿರಲಿಲ್ಲ. ಒಂದು ಅವಧಿಯನ್ನು ಊಹಿಸಿಕೊಂಡು ಇಡೀ ಊರಿಗೆ 175 ರೋಂಟ್ಜನ್ ಎಂದು ಬರೆದರು.

ಇದು ಹೊರಗಿನಿಂದ ಬಿದ್ದ ಗಾಮಾ ಕಿರಣದ ಲೆಕ್ಕ ಮಾತ್ರ. ನೀರು, ಆಹಾರಗಳೊಡನೆ ಗಂಟಲಿನ ಥೈರಾಯಿಡ್ ಗ್ರಂಥಿಯನ್ನು ಸೇರಿದ ವಿಕಿರಣಶೀಲ ಅಯೋಡಿನ್ ಇದರಲ್ಲಿ ಬರುವುದಿಲ್ಲ. ಆ ಗ್ರಂಥಿಯ ಗಂಟುಗಳು 1963ರಿಂದ ಕಾಣಿಸತೊಡಗಿದವು. ಬೂದಿ ಬಿದ್ದ ದಿನ ಒಂದು ವರ್ಷದ ಕೂಸಾಗಿದ್ದ ಹುಡುಗನೊಬ್ಬ 1972ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಅವನ ಪಾಲಿಗೂ ಮೊದಲು ಬರೆದಿದ್ದುದು ಊರಿಗೆಲ್ಲ ಬರೆದ ಆ 175.