ಬಿಚ್ಚಿ ಕಟ್ಟುವ ಕಪಾಟು

ಪುಣೆಯಲ್ಲಿ ಬಾಡಿಗೆ ಮನೆಯ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಗೋಡೆಗೆ ಮೊಳೆ ಹೊಡೆಯಬಾರದು ಎನ್ನುವ ಮಾತು ಕರಾರಿನಲ್ಲಿ ಇಲ್ಲದಿದ್ದರೂ ಮಾಲೀಕರ ಬಾಯಲ್ಲಿ ಇದ್ದೇ ಇರುತ್ತದೆ. ಒಂಬತ್ತು ವರ್ಷದಲ್ಲಿ ನಮಗೆ ಇದು ಐದನೇ ಮನೆ. ಪ್ರತಿ ಸಲ ಟೆಂಪೊದಿಂದ ಸಾಮಾನು ಇಳಿಯುವಾಗ ಒಂದಲ್ಲ ಒಂದು ವಸ್ತು ಕೈಕಾಲು ಮುರಿದುಕೊಂಡೇ ಇಳಿಯುತ್ತದೆ. ಮರದ ಪುಡಿಗೆ ಅಂಟು ಹಾಕಿ ಒತ್ತಿ ಮಾಡಿದ ಹಲಗೆಯ ಜಾತಕವೇ ಹಾಗೆ. ಒಮ್ಮೆ ಬಿಚ್ಚಿದ ಸ್ಕ್ರೂ ಮತ್ತೆ ಅದೇ ತೂತಿನಲ್ಲಿ ಮೊದಲಿನ ಹಾಗೆ ಹಿಡಿಯುವುದಿಲ್ಲ. ಮೂರನೇ ಮನೆಗೆ ಬರುವಾಗ ಮಗಳ ಪುಸ್ತಕದ ಕಪಾಟು ಹೀಗೆಯೇ ಹೋಯಿತು. ಆಗ ಅವಳಿಗೆ ಆರು ವರ್ಷ. ಪುಸ್ತಕಗಳನ್ನು ರಟ್ಟಿನ ಡಬ್ಬಿಯಿಂದ ಹೊರಗೆ ತೆಗೆಯಲು ಒಪ್ಪಲೇ ಇಲ್ಲ. "ಹೆಂಗೂ ಮತ್ತ ಹೋಗೋದೈತಲ್ಲ" ಅಂದಳು. ಆರು ವರ್ಷದ ಮಗುವಿನ ಬಾಯಲ್ಲಿ ಬರಬಾರದ ಮಾತು ಅದು.

ಎಷ್ಟು ಸಲ ಬಿಚ್ಚಿದರೂ ಮತ್ತೆ ನಿಲ್ಲುವ ಕಪಾಟು ಬೇಕಿತ್ತು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬೆಣೆ ಹಾಕುವ ಕೀಲು. ಅದರಲ್ಲಿ ಮೊಳೆಯಿಲ್ಲ, ಸ್ಕ್ರೂ ಇಲ್ಲ, ಅಂಟೂ ಇಲ್ಲ.

ದಿನವಿಡೀ ನಾನು ಮಾಡುವುದು ಸಾಫ್ಟ್‌ವೇರ್ ಪರೀಕ್ಷೆ. ಗರಗಸ ಹಿಡಿದು ಗೊತ್ತಿರಲಿಲ್ಲ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿಗೆ ಹೋದಾಗ ಪ್ರಶ್ನೆ ಕೇಳಿದವಳು ನಾನು, ಅಂಗಡಿಯವರು ಉತ್ತರ ಕೊಟ್ಟಿದ್ದು ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ನನ್ನ ಗಂಡನಿಗೆ! ಕೊನೆಗೆ ಅಳತೆಯ ಚೀಟಿ ಮುಂದಿಟ್ಟ ಮೇಲೆ ನನ್ನ ಕಡೆ ತಿರುಗಿದರು. ಹಳೆ ಮನೆ ಕೆಡವಿದಾಗ ಬಂದ ಸಾಗುವಾನಿ ಹಲಗೆಗಳನ್ನು ಆರಿಸಿಕೊಂಡೆ. ಎಷ್ಟೋ ಬೇಸಿಗೆ ಕಂಡು ಒಣಗಿದ ಮರ ಹೊಸ ಮರದಷ್ಟು ಸೊಟ್ಟಗಾಗುವುದಿಲ್ಲ. ಉಪಕರಣಗಳಿಗೆ ಬುಧವಾರ ಮತ್ತು ಭಾನುವಾರ ಸೇರುವ ಜುನಾ ಬಜಾರಿಗೆ ಹೋದೆ. ಅಲ್ಲಿ ಉಳಿಗೆ ಪಟಾಶಿ, ಕೀಸುಳಿಗೆ ರಂಧಾ, ಮೂಲೆಮಟ್ಟಕ್ಕೆ ಗುಣ್ಯಾ ಎನ್ನಬೇಕು. ತುಕ್ಕು ಹಿಡಿದ ಎರಡು ಉಳಿ ಚೌಕಾಸಿ ಮಾಡಿ ತಂದು, ಕಲ್ಲಿನ ಮೇಲೆ 25 ಡಿಗ್ರಿ ಓರೆಯಲ್ಲಿ ಮಸೆದೆ. ಮೊಂಡು ಉಳಿ ಕೈಗೆ ಅಪಾಯ. ಅದನ್ನು ಜೋರಾಗಿ ಒತ್ತಬೇಕು, ಒತ್ತಿದ್ದು ಜಾರುತ್ತದೆ.

ಕೀಲಿನ ಲೆಕ್ಕ ಹೀಗೆ. ಪಕ್ಕದ ನಿಲುವು ಹಲಗೆಯಲ್ಲಿ ಒಂದು ಕಂಡಿ, ಅಡ್ಡ ಹಲಗೆಯ ತುದಿಯಲ್ಲಿ ಒಂದು ನಾಲಗೆ. ನಾಲಗೆ ಕಂಡಿಯೊಳಗಿಂದ ತೂರಿ ಆಚೆ ಎರಡು ಇಂಚು ಹೊರಬರಬೇಕು. ಹೊರಬಂದ ನಾಲಗೆಯಲ್ಲಿ ಇನ್ನೊಂದು ಚಿಕ್ಕ ಕಂಡಿ, ಅದರೊಳಗೆ ಮೇಲಿನಿಂದ ಇಳಿಯುವ ಬೆಣೆ. ಬೆಣೆ ಇಳಿದಷ್ಟೂ ಹಲಗೆಗಳು ಒಂದನ್ನೊಂದು ಬಿಗಿಯುತ್ತವೆ. ಗುಟ್ಟು ಇರುವುದು ಚಿಕ್ಕ ಕಂಡಿಯಲ್ಲಿ. ಅದರ ಒಳ ಅಂಚು ನಿಲುವು ಹಲಗೆಯ ದಪ್ಪದೊಳಗೆ ಕೊಂಚ ಹುದುಗಿರಬೇಕು. ಇಲ್ಲದಿದ್ದರೆ ಬೆಣೆ ಹಲಗೆಯನ್ನು ಒತ್ತುವ ಮೊದಲೇ ನಾಲಗೆಗೆ ತಾಗಿ ನಿಂತುಬಿಡುತ್ತದೆ.

ಮೊದಲ ಕೀಲು ಕೂತ ದಿನ ಅತ್ತೆಯನ್ನು ಬಾಲ್ಕನಿಗೆ ಕರೆದು ತೋರಿಸಿದೆ. ಧಾರವಾಡದ ಹತ್ತಿರದ ಊರಿನವರು, ಮಾವ ಹೋದ ಮೇಲೆ ನಮ್ಮೊಂದಿಗೆ ಇದ್ದಾರೆ. ಕನ್ನಡಕ ಏರಿಸಿ ನೋಡಿ, "ಇದು ನೇಗಿಲದ ಬೆಣಿ ಅಲ್ಲೇನು? ಇಷ್ಟಕ್ಕ ತಿಂಗಳಗಟ್ಟಲೆ ಯೂಟ್ಯೂಬ್ ನೋಡಿದಿ?" ಅಂದರು. ನಿಜವೇ. ನೇಗಿಲಿಗೆ ಈಸು ಬಿಗಿಯುವುದು ಬೆಣೆಯಿಂದ, ಕೊಡಲಿಗೆ ಕಾವು ಬಿಗಿಯುವುದೂ ಬೆಣೆಯಿಂದ. ಅಂದು ಅತ್ತೆ ಬಡಿಗೇರ ಅಜ್ಜನ ಬಗ್ಗೆ, ಸುಗ್ಗಿಯಲ್ಲಿ ಅವರಿಗೆ ಅಳೆದು ಕೊಡುತ್ತಿದ್ದ ಆಯದ ಜೋಳದ ಬಗ್ಗೆ ಒಂದು ತಾಸು ಮಾತಾಡಿದರು. ಪುಣೆಗೆ ಬಂದಮೇಲೆ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು. ಮರುವಾರ ಟ್ರಂಕಿನಿಂದ ಹಳೆ ಸೀರೆ ತೆಗೆದು ಕೌದಿ ಹೊಲಿಯಲು ಕೂತರು. ಈಗ ಭಾನುವಾರ ಬಾಲ್ಕನಿಯಲ್ಲಿ ನನ್ನ ಗರಗಸ, ಹಾಲಿನಲ್ಲಿ ಅವರ ಸೂಜಿ. ಯಾವುದಕ್ಕೂ ಗಡುವಿಲ್ಲ, ಗಿರಾಕಿ ಇಲ್ಲ.

ಕಪಾಟು ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಎರಡು ಮನೆ ಬದಲಾಗಿವೆ. ಎಂಟು ಬೆಣೆ ಸಡಿಲಿಸಿದರೆ ಹಲಗೆಗಳು ಚಪ್ಪಟೆಯಾಗಿ ಕಟ್ಟಾಗುತ್ತವೆ, ಅತ್ತೆಯ ಕೌದಿಯಲ್ಲೇ ಸುತ್ತಿ ಟೆಂಪೊ ಹತ್ತಿಸುತ್ತೇವೆ. ಬೆಣೆಗಳ ಚೀಲ ಮಗಳ ಸುಪರ್ದಿ. ಯಾವ ಬೆಣೆ ಯಾವ ಕಂಡಿಗೆ ಎಂದು ಪೆನ್ಸಿಲಿನಲ್ಲಿ ಅಂಕಿ ಬರೆದಿದ್ದಾಳೆ, ಕನ್ನಡದಲ್ಲಿ. ಕಪಾಟು ಬಂತೆಂದು ಬಾಡಿಗೆ ಮನೆ ಸ್ವಂತದ್ದೇನೂ ಆಗಲಿಲ್ಲ. ಆದರೆ ಹೊಸ ಮನೆಯಲ್ಲಿ ಮೊದಲು ಎದ್ದು ನಿಲ್ಲುವುದು ಅವಳ ಕಪಾಟು. ರಟ್ಟಿನ ಡಬ್ಬಿ ಅದೇ ಸಂಜೆ ಖಾಲಿಯಾಗುತ್ತದೆ.

ನಿಮಗೂ ಕೈ ತುರಿಸುತ್ತಿದ್ದರೆ ಒಂದು ಗರಗಸ, ಎರಡು ಉಳಿ, ಒಂದು ಮೂಲೆಮಟ್ಟ, ಮಸೆಯುವ ಕಲ್ಲು ಸಾಕು. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯಲ್ಲಿ ಕಲಿಯಬಹುದು. ಅದರ ಮೇಲೆ 'ಎಚ್‌ಟಿ' ಮುದ್ರೆಯಿದ್ದರೆ ಬಿಸಿಯಲ್ಲಿ ಸಂಸ್ಕರಿಸಿದ್ದು. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಬೇಡ. ಮಾಸ್ಕ್ ಹಾಕಿಕೊಳ್ಳಿ. ಕೆಳಗಿನ ಮನೆಯವರ ಮಧ್ಯಾಹ್ನದ ನಿದ್ದೆ ಎಷ್ಟು ಹೊತ್ತಿಗೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನೊಂದು ಮಾತು. ಮರ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಅಡ್ಡಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಕಪಾಟು ಕೊಂಚ ಅಲುಗಾಡಿದರೆ ಗಾಬರಿ ಬೇಡ. ಮರದ ಸುತ್ತಿಗೆಯಿಂದ ಬೆಣೆಯ ತಲೆಗೆ ಎರಡು ಏಟು ಕೊಡಿ, ಸಾಕು.