ತೊರಕೆಯೊಡನೆ ಜಲಕ್ರೀಡೆ

ಸಮುದ್ರವೆಂದರೆ ಘಟ್ಟದ ಮೇಲಿನವರಿಗೆ ನೋಡುವ ವಸ್ತು. ಕರಾವಳಿಯವರಿಗೆ ದುಡಿಯುವ ಸ್ಥಳ. ನೋಡಲು ಬಂದವರು ಅಲೆಗಳನ್ನು ಎಣಿಸುತ್ತಾರೆ, ಸೂರ್ಯಾಸ್ತವನ್ನು ಹೊಗಳುತ್ತಾರೆ, ಮೊಣಕಾಲುದ್ದ ನೀರಿಗಿಳಿದು ಕೂಗಾಡಿ ಮೇಲೆ ಬರುತ್ತಾರೆ. ದುಡಿಯುವವನು ಮಾತ್ರ ನೀರಿಗಿಳಿಯುವ ಮೊದಲು ಒಂದು ಗಳಿಗೆ ಸುಮ್ಮನೆ ನಿಂತು ತನ್ನ ಕಾಲ ಬುಡವನ್ನು ನೋಡಿಕೊಳ್ಳುತ್ತಾನೆ. ಈ ಎರಡು ಬಗೆಯ ಜನರ ನಡುವಿನ ಅಂತರ ನನಗೆ ಮನದಟ್ಟಾದದ್ದು ತೊರಕೆ ಎಂಬ ಮೀನಿನ ದೆಸೆಯಿಂದ.

ತೊರಕೆಯನ್ನು ಕಾಣದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಅದು ಮೊರದಂತೆ ಚಪ್ಪಟೆಯಾದ ಮೀನು. ಹಿಂದೆ ಚಾಟಿಯಂಥ ಬಾಲ. ಶಾರ್ಕ್ ಮೀನಿನ ದಾಯಾದಿ. ಅದರಂತೆ ಇದಕ್ಕೂ ಗಟ್ಟಿ ಎಲುಬಿಲ್ಲ, ಮೈಯೆಲ್ಲ ಮೃದ್ವಸ್ಥಿ. ಮೊಟ್ಟೆ ಹಾಕದೆ ಮರಿ ಹಾಕುತ್ತದೆ. ಕಣ್ಣು ಮೈಯ ಮೇಲ್ಗಡೆ, ಬಾಯಿ ಕೆಳಗಡೆ. ಆದುದರಿಂದ ತಾನು ತಿನ್ನುವುದನ್ನು ಅದು ಎಂದೂ ನೋಡಲಾರದು. ವಾಸನೆಯಿಂದಲೂ, ಮೂತಿಯ ಸುತ್ತಲಿನ ಸೂಕ್ಷ್ಮ ರಂಧ್ರಗಳು ಗ್ರಹಿಸುವ ಅತ್ಯಲ್ಪ ವಿದ್ಯುತ್ತಿನಿಂದಲೂ, ಮರಳಿನಲ್ಲಿ ಅಡಗಿರುವ ಏಡಿ, ಚಿಪ್ಪು, ಸೀಗಡಿಗಳನ್ನು ಪತ್ತೆಹಚ್ಚುತ್ತದೆ. ಕೆಲಸವಿಲ್ಲದಾಗ ಮೈಮೇಲೆ ತೆಳ್ಳಗೆ ಮರಳು ಹೊದ್ದುಕೊಂಡು ಮಲಗಿಬಿಡುತ್ತದೆ. ಬಾಲದ ಮೇಲೆ ಗರಗಸದಂತೆ ಹಲ್ಲುಳ್ಳ ಮುಳ್ಳು. ಅದರ ಅಡಿಯ ಅಂಚುಗಳಲ್ಲಿ ವಿಷ. ಈ ಮುಳ್ಳು ಬೇಟೆಗಾಗಿ ಇರುವುದಲ್ಲ, ಆತ್ಮರಕ್ಷಣೆಗಾಗಿ.

ನಮ್ಮ ಮನೆಯಲ್ಲಿ ಈ ಮುಳ್ಳಿನ ಪರಿಚಯ ಚೆನ್ನಾಗಿ ಇರುವವರು ನಮ್ಮ ಅಜ್ಜ. 1970ರ ಆಸುಪಾಸಿನಲ್ಲಿ, ಊರಿಗೆ ಊರೇ ಸಾಲಾಗಿ ನಿಂತು ರಂಪಣಿ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದ ಕಾಲದಲ್ಲಿ, ಬಂಗುಡೆಗಳ ನಡುವೆ ಬಂದಿದ್ದ ತೊರಕೆಯೊಂದು ಅವರ ಎಡಗಾಲ ಹರಡಿನ ಬಳಿ ಚುಚ್ಚಿತು. ಗಾಯ ಮಾಯಲು ಎರಡು ತಿಂಗಳು ಹಿಡಿಯಿತಂತೆ. ಇಂದಿಗೂ ಮಳೆಗಾಲದಲ್ಲಿ ಆ ಕಾಲನ್ನು ಸ್ವಲ್ಪ ಎಳೆದು ಹಾಕುತ್ತಾರೆ.

ಹೀಗಿರಲು, ಅಮೆರಿಕದ ಫ್ಲಾರಿಡಾದಲ್ಲಿರುವ ನನ್ನ ಅಕ್ಕನಿಂದ ಕಳೆದ ವರ್ಷ ಫೋನಿಗೆ ಒಂದು ಸಂದೇಶ ಬಂದಿತು. ಮಗನ ರಜೆಯಲ್ಲಿ ಅವರೆಲ್ಲ ಹಡಗಿನಲ್ಲಿ ಕೇಮನ್ ದ್ವೀಪಗಳಿಗೆ ಹೋಗುವವರು. ಅಲ್ಲಿ ಕಾಡುತೊರಕೆಗಳ ನಡುವೆ ನಿಂತು, ಅವುಗಳನ್ನು ಮುಟ್ಟಿ, ಅವುಗಳೊಡನೆ ಈಜುವ ಏರ್ಪಾಡು ಇದೆಯಂತೆ. ಎಂಟು ವರ್ಷದ ನನ್ನ ಸೋದರಳಿಯ ಅದಕ್ಕಾಗಿ ಹಟ ಹಿಡಿದಿದ್ದ. “ತಮ್ಮಾ, ಅಜ್ಜನ ಕಾಲು ನೆನೆದರೆ ನನಗೆ ಕೈಕಾಲು ತಣ್ಣಗಾಗುತ್ತದೆ. ನಿನ್ನ ಭಾವ ನಗುತ್ತಾರೆ. ನೀನು ಓದಿ ನೋಡು. ಅಜ್ಜನನ್ನೂ ಕೇಳಿ ತಿಳಿಸು. ಮಗುವನ್ನು ನೀರಿಗೆ ಬಿಡಬಹುದೋ ಬಾರದೋ?” ಎಂದು ಬರೆದಿದ್ದಳು.

ಮಗುವಿನ ವಿಷಯ, ಸುಮ್ಮನೆ ಹೂಂ ಎನ್ನುವಂತಿಲ್ಲ, ಊಹೂಂ ಎನ್ನುವಂತೆಯೂ ಇಲ್ಲ. ಕಾಲೇಜಿನ ಪರೀಕ್ಷೆಗೆ ಓದದಷ್ಟು ಶ್ರದ್ಧೆಯಿಂದ ನಾನು ತೊರಕೆಯ ಶಾಸ್ತ್ರವನ್ನು ಓದಲಾರಂಭಿಸಿದೆ.

ಕೇಮನ್ ದ್ವೀಪಗಳು ಕ್ಯೂಬಾದ ದಕ್ಷಿಣಕ್ಕೆ ಕೆರಿಬಿಯನ್ ಸಮುದ್ರದಲ್ಲಿವೆ. ಬ್ರಿಟಿಷ್ ಆಡಳಿತಕ್ಕೆ ಸೇರಿದುವು. ಅವುಗಳಲ್ಲಿ ದೊಡ್ಡದಾದ ಗ್ರ್ಯಾಂಡ್ ಕೇಮನ್ ದ್ವೀಪದ ಉತ್ತರ ಭಾಗದಲ್ಲಿ ಹವಳದ ದಿಬ್ಬದ ಒಳಗೆ ಶಾಂತವಾದ ಒಂದು ಕೊಲ್ಲಿ ಇದೆ. ಹಿಂದೆ ಅಲ್ಲಿನ ಬೆಸ್ತರು ಹಿಡಿದ ಮೀನನ್ನೂ ಶಂಖದ ಹುಳುವನ್ನೂ ಅಲ್ಲಿಯೇ ದೋಣಿ ನಿಲ್ಲಿಸಿ ಹಸನು ಮಾಡುತ್ತಿದ್ದರು. ದಡದಲ್ಲಿ ಸೊಳ್ಳೆಗಳ ಕಾಟ ತಾಳಲಾರದೆ ಹಾಗೆ ಮಾಡಿದರೆಂದು ಹೇಳುವುದುಂಟು. ನೀರಿಗೆ ಬಿದ್ದ ಚೂರುಪಾರುಗಳಿಗಾಗಿ ತೊರಕೆಗಳು ಬರತೊಡಗಿದುವು. ದೋಣಿಯ ಸದ್ದೆಂದರೆ ಊಟದ ಗಂಟೆ ಎಂದು ಕಲಿತುಕೊಂಡುವು. 1980ರ ದಶಕದಲ್ಲಿ ಮುಳುಗುಗಾರರು ಕೈಯಿಂದಲೇ ತಿನ್ನಿಸಲು ಆರಂಭಿಸಿದರು. ಸುದ್ದಿ ಹಬ್ಬಿ ಪ್ರವಾಸಿಗಳು ಬಂದರು; ಅದಕ್ಕೆ ‘ಸ್ಟಿಂಗ್‌ರೇ ಸಿಟಿ’, ಅಂದರೆ ತೊರಕೆಗಳ ಪಟ್ಟಣ, ಎಂಬ ಹೆಸರೇ ಬಿದ್ದಿತು. ಅಲ್ಲಿನ ಮರಳುದಿಬ್ಬದ ಮೇಲೆ ನೀರು ಸೊಂಟದ ಮಟ್ಟ. ಈಜು ಬಾರದವರೂ ನಿಲ್ಲಬಹುದು. ಅಲ್ಲಿಯ ತೊರಕೆಗಳಲ್ಲಿ ಹೆಣ್ಣು ಗಂಡಿಗಿಂತ ಬಹಳ ದೊಡ್ಡದು; ಅಗಲ 5 ಅಡಿಯವರೆಗೂ ಬೆಳೆಯಬಲ್ಲುದು.

ಇಷ್ಟು ವರ್ಷಗಳಿಂದ ಅಸಂಖ್ಯಾತ ಜನ ಅವುಗಳ ನಡುವೆ ನಿಂತು ಕ್ಷೇಮವಾಗಿ ಮನೆಗೆ ಮರಳಿದ್ದಾರೆ. ಅಂದಮೇಲೆ ಅಂಜಿಕೆ ಏಕೆ? ಭಾವನವರ ವಾದವೂ ಇದೇ. ಆದರೆ ತೊರಕೆಯ ಹೆಸರೆತ್ತಿದರೆ ನೆನಪಾಗುವ ಇನ್ನೊಂದು ಘಟನೆ ಇದೆ. ಕಾಡುಪ್ರಾಣಿಗಳ ಚಿತ್ರಗಳಿಂದ ಜಗತ್ತಿಗೆಲ್ಲ ಪರಿಚಿತರಾಗಿದ್ದ ಆಸ್ಟ್ರೇಲಿಯದ ಸ್ಟೀವ್ ಇರ್ವಿನ್, 2006ರ ಸೆಪ್ಟೆಂಬರ್ 4ರಂದು ಕ್ವೀನ್ಸ್‌ಲೆಂಡಿನ ಬ್ಯಾಟ್ ರೀಫ್ ಎಂಬಲ್ಲಿ, ಆಳವಿಲ್ಲದ ನೀರಿನಲ್ಲಿ ದೊಡ್ಡ ತೊರಕೆಯೊಂದರ ಸಮೀಪ ಈಜುತ್ತಿದ್ದಾಗ, ಅದರ ಮುಳ್ಳು ಎದೆಗೆ ನಾಟಿ ತೀರಿಕೊಂಡರು. ಮೊಸಳೆಗಳೊಡನೆ ಸೆಣಸಿದವರು, ವಯಸ್ಸು 44. ಇಂಥ ಸಾವು ಬಹು ಅಪರೂಪವೆಂಬುದು ನಿಜ. ಆದರೆ ತೊರಕೆಯನ್ನು ಸಾಕಿದ ಬೆಕ್ಕೆಂದು ಎಣಿಸಲಾಗದು ಎಂಬುದೂ ಅಷ್ಟೇ ನಿಜ.

ನಮ್ಮ ಮುಂಬಯಿಯಲ್ಲಿಯೂ 2013ರ ಗಣೇಶೋತ್ಸವದಲ್ಲಿ, ಗಿರಗಾಂವ್ ಚೌಪಾಟಿಯ ನೀರಿನಲ್ಲಿ ಮೂರ್ತಿಗಳನ್ನು ವಿಸರ್ಜಿಸಲು ಇಳಿದ ಅನೇಕರಿಗೆ ತೊರಕೆಗಳು ಚುಚ್ಚಿದುವು. ಕೇಮನ್‌ದ್ವೀಪದ ತೊರಕೆ ಸಾಧು, ಮುಂಬಯಿಯದು ದುಷ್ಟ ಎಂದು ಇದರ ಅರ್ಥವೆ? ಸರ್ವಥಾ ಅಲ್ಲ. ಅಲ್ಲಿಯದಕ್ಕೆ ಮನುಷ್ಯ ಬರುವನೆಂದು ಗೊತ್ತು. ಇಲ್ಲಿಯದು ಮರಳು ಹೊದ್ದು ಮಲಗಿದ್ದಾಗ ಸಾವಿರಾರು ಕಾಲುಗಳು ಮೈಮೇಲೆ ಬಂದುವು. ಎರಡಕ್ಕೂ ಬಾಲದಲ್ಲಿರುವುದು ಒಂದೇ ಮುಳ್ಳು.

ಅಜ್ಜನ ಬಳಿ ಈ ಮಾತೆತ್ತಿದಾಗ ಅವರು ಜಗಲಿಯ ಮೇಲೆ ಕುಳಿತು ಕೈಬಲೆಯ ಹರಿದ ಕಣ್ಣುಗಳನ್ನು ಸೇರಿಸುತ್ತಿದ್ದರು. ದುಡ್ಡು ಕೊಟ್ಟು ತೊರಕೆಯ ನಡುವೆ ನಿಲ್ಲುತ್ತಾರೆಂದು ಕೇಳಿ ಬಹಳ ಹೊತ್ತು ನಕ್ಕರು. ಆಮೇಲೆ, “ಹೋಗಲಿ ಬಿಡು. ಆದರೆ ಕಾಲು ಎತ್ತಿ ಎತ್ತಿ ಇಡಬಾರದು ಎಂದು ಹೇಳು. ಮರಳಿನ ಮೇಲೆ ಕಾಲು ಎಳೆದುಕೊಂಡು ನಡೆಯಬೇಕು. ಸದ್ದು ತಿಳಿದರೆ ಅದೇ ಎದ್ದು ಹೋಗುತ್ತದೆ” ಎಂದರು.

“ಅಜ್ಜಾ, ಅದರ ಮೇಲೆ ಸಿಟ್ಟಿಲ್ಲವೆ?” ಎಂದು ಕೇಳಿದೆ.

“ಸಿಟ್ಟು ಏಕೆ ಮಗಾ? ಬಲೆಯಲ್ಲಿ ಸಿಕ್ಕಿಬಿದ್ದಿತ್ತು. ಮೇಲೆ ನಾನು ಕಾಲಿಟ್ಟೆ. ಅದು ಇನ್ನೇನು ಮಾಡಬೇಕಿತ್ತು?”

ಪಾಶ್ಚಾತ್ಯ ದೇಶಗಳ ಕಡಲತೀರಗಳಲ್ಲಿ ಸ್ನಾನಕ್ಕೆ ಬಂದವರಿಗೆ ಕಲಿಸುವುದೂ ಅಜ್ಜನ ಈ ಕಾಲೆಳೆಯುವ ನಡಿಗೆಯನ್ನೇ ಎಂದು ಓದಿದಾಗ ನನಗೆ ಹೆಮ್ಮೆಯೆನಿಸಿತು. ಚುಚ್ಚಿಸಿಕೊಂಡ ದಿನ ಅಜ್ಜಿ ಹಂಡೆಯ ಬಿಸಿನೀರಿನಲ್ಲಿ ಅವರ ಕಾಲನ್ನು ಇಡಿಸಿದ್ದರಂತೆ. ಈಗಿನ ವೈದ್ಯರು ಹೇಳುವುದೂ ಅದನ್ನೇ: ಗಾಯವಾದ ಕೈಯನ್ನೋ ಕಾಲನ್ನೋ ತಾಳಬಹುದಾದಷ್ಟು, ಅಂದರೆ ಸುಮಾರು 45 ಡಿಗ್ರಿ ಸೆಲ್ಸಿಯಸ್ ಮೀರದ, ಬಿಸಿನೀರಿನಲ್ಲಿ 30ರಿಂದ 90 ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ನೋವಿನಲ್ಲಿ ಬಿಸಿ ತಿಳಿಯದೆ ಸುಟ್ಟುಕೊಳ್ಳಬಹುದಾದ್ದರಿಂದ ಗಾಯವಿಲ್ಲದ ಕೈಯಿಂದ ಮೊದಲು ನೀರನ್ನು ಪರೀಕ್ಷಿಸಬೇಕು. ಆಮೇಲೆ ವೈದ್ಯರಲ್ಲಿಗೆ ಹೋಗಲೇಬೇಕು. ಮುಳ್ಳಿನ ಚೂರು ಒಳಗೆ ಉಳಿದು ಕೀವಾಗಬಹುದು, ಧನುರ್ವಾಯುವಿನ ಚುಚ್ಚುಮದ್ದೂ ಬೇಕಾಗಬಹುದು. ಎದೆ, ಹೊಟ್ಟೆ, ಕುತ್ತಿಗೆಗಳಲ್ಲಿ ನಾಟಿದ ಮುಳ್ಳನ್ನು ಮಾತ್ರ ಯಾರೂ ಕೀಳಬಾರದು; ಹಾಗೆಯೇ ಆಸ್ಪತ್ರೆಗೆ ಒಯ್ಯಬೇಕು.

ಓದುತ್ತ ಹೋದಂತೆ ಮತ್ತೊಂದು ಸಂಗತಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿತು. ಅಪಾಯದ ಲೆಕ್ಕವನ್ನು ನಾವು ಒಂದೇ ಕಡೆಯಿಂದ ಮಾಡುತ್ತೇವೆ. ತೊರಕೆಯ ಕಡೆಯ ಲೆಕ್ಕವೇನು? ಸ್ವಭಾವತಃ ಅದು ಒಂಟಿಯಾಗಿ, ಹೆಚ್ಚಾಗಿ ರಾತ್ರಿಯ ಹೊತ್ತು ಆಹಾರ ಹುಡುಕುವ ಜೀವಿ. ಸ್ಟಿಂಗ್‌ರೇ ಸಿಟಿಯ ತೊರಕೆಗಳು ಪ್ರವಾಸಿಗಳ ವೇಳೆಗೆ ಹೊಂದಿಕೊಂಡು ಹಗಲಿನಲ್ಲಿ ಓಡಾಡಿ ರಾತ್ರಿ ಸುಮ್ಮನಿರುತ್ತವೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಗುಂಪುಗೂಡುವುದರಿಂದ ಒಂದನ್ನೊಂದು ಕಚ್ಚುವುದು, ದೋಣಿಗಳಿಂದಾದ ಗಾಯ, ಮೈಮೇಲೆ ಪರೋಪಜೀವಿಗಳು ಇವೆಲ್ಲ ಅಲ್ಲಿ ಹೆಚ್ಚೆಂದು ಅದಕ್ಕಿಂತ ಮುಂಚಿನ ಸಂಶೋಧಕರು ಕಂಡಿದ್ದರು. ಆದುದರಿಂದಲೇ ಅಲ್ಲಿಯ ಸರಕಾರ ಕಾಯಿದೆ ಮಾಡಿ, ತೊರಕೆಯನ್ನು ನೀರಿನಿಂದ ಮೇಲೆತ್ತಕೂಡದು, ಆಳವಿಲ್ಲದ ಕಡೆ ಪಾದರಕ್ಷೆ ತೊಟ್ಟು ಇಳಿಯಕೂಡದು ಎಂದು ವಿಧಿಸಿದೆ. ನಮ್ಮ ಕಾಲಿಗೆ ಅದರ ಮುಳ್ಳು ತಾಗದಿರಲೆಂದು ನಾವು ಚಿಂತಿಸುತ್ತಿದ್ದರೆ, ಅದರ ಮೈಗೆ ನಮ್ಮ ಮೆಟ್ಟು ತಾಗದಿರಲೆಂದು ಚಿಂತಿಸುವವರೂ ಇದ್ದಾರಲ್ಲ ಎಂದು ನನಗೆ ಸಮಾಧಾನವಾಯಿತು.

ಇಷ್ಟನ್ನೂ ಯೋಚಿಸಿ ಅಕ್ಕನಿಗೆ ಬರೆದೆ: “ಕರೆದುಕೊಂಡು ಹೋಗು, ಆದರೆ ನೀನು ಅವನ ಪಕ್ಕದಲ್ಲೇ ಇರು. ತೇಲುವ ಅಂಗಿ ತೊಡಿಸು. ಕಾಲು ಎಳೆದು ನಡೆಯುವುದನ್ನು ಮನೆಯ ನೆಲದ ಮೇಲೆಯೇ ಅಭ್ಯಾಸ ಮಾಡಿಸು. ಬಾಲ ಹಿಡಿಯಬಾರದು, ಮೇಲೆತ್ತಬಾರದು, ಅಡ್ಡಗಟ್ಟಬಾರದು. ಅದರ ಮೇಲ್ಗಡೆ ಈಜಲೂಬಾರದು. ಅದು ಹೋಗಬೇಕೆಂದಾಗ ದಾರಿ ಬಿಡಬೇಕು. ತಿನಿಸು ಹಿಡಿದ ಬೆರಳು ಅದಕ್ಕೆ ಕಾಣುವುದಿಲ್ಲ. ಮಗುವಿನ ಕೈಗೆ ತಿನಿಸು ಕೊಡಬೇಡ. ದೋಣಿಯವರು ಮೀನನ್ನು ಎತ್ತಿ ಫೋಟೋ ತೆಗೆಯುತ್ತೇವೆಂದರೆ ಬೇಡವೆನ್ನು. ಇಷ್ಟಕ್ಕೆ ಅಳಿಯ ಒಪ್ಪಿದರೆ ಹೋಗಲಿ, ಒಪ್ಪದಿದ್ದರೆ ದೋಣಿಯಿಂದಲೇ ನೋಡಲಿ.”

ಅವರು ಹೋಗಿ ಬಂದರು. ಯಾರಿಗೂ ಏನೂ ಆಗಲಿಲ್ಲ. ಅಳಿಯ ಫೋನಿನಲ್ಲಿ ನನ್ನೊಡನೆ ಮಾತಾಡಿದ. ಮಖಮಲ್ಲಿನಂತೆ ನುಣುಪಾಗಿತ್ತೆಂದ. “ಮಾವಾ, ಅದು ನನ್ನನ್ನು ನೋಡಲೇ ಇಲ್ಲ. ನನ್ನ ಕೈಯಲ್ಲಿ ಏನಿದೆ ಎಂದು ಹುಡುಕಿತು. ಏನೂ ಇಲ್ಲವೆಂದು ಗೊತ್ತಾದಮೇಲೆ ಹೊರಟುಹೋಯಿತು” ಎಂದ. ದನಿಯಲ್ಲಿ ಸ್ವಲ್ಪ ನಿರಾಶೆ ಇತ್ತು.

ಅದನ್ನು ಅಜ್ಜನಿಗೆ ತಿಳಿಸಿದೆ. “ಹುಡುಗನಿಗೆ ಅರ್ಥವಾಯಿತು” ಎಂದರು.

ನನಗೂ ಹಾಗೆಯೇ ತೋರುತ್ತದೆ. ಕಾಡಿನದಾಗಲಿ ಕಡಲಿನದಾಗಲಿ, ಪ್ರಾಣಿ ನಮ್ಮ ಗೆಳೆಯನೂ ಅಲ್ಲ, ಹಗೆಯೂ ಅಲ್ಲ. ತನ್ನ ಹೊಟ್ಟೆ, ತನ್ನ ಜೀವ ಎಂದು ಬದುಕುವಂಥದು. ಅದರ ಸೌಮ್ಯತೆಯನ್ನು ಸ್ನೇಹವೆಂದು ತಿಳಿದವನೇ ಅದರ ಬಾಲಕ್ಕೆ ಕೈಹಾಕುತ್ತಾನೆ. ರಜೆಯಲ್ಲಿ ಕಡಲಿಗೆ ಹೋಗುವ ನಮ್ಮ ಕಾಲೇಜಿನ ಮಿತ್ರರು ಕೇಮನ್‌ದ್ವೀಪಕ್ಕೆ ಹೋಗಲಾರರು. ಮುರುಡೇಶ್ವರಕ್ಕೋ ಮಲ್ಪೆಗೋ ಗೋಕರ್ಣಕ್ಕೋ ಹೋಗುತ್ತಾರೆ. ಅಲ್ಲಿ ಊಟಕ್ಕೆ ಕಾದು ನಿಂತ ತೊರಕೆಗಳಿಲ್ಲ, ಮರಳಿನಡಿಯಲ್ಲಿ ಮಲಗಿದವು ಇರಬಹುದು. ನೀರಿಗಿಳಿಯುವಾಗ ದಯವಿಟ್ಟು ಕಾಲು ಎಳೆದುಕೊಂಡು ನಡೆಯಿರಿ. ನೋಡಿದವರು ನಗಬಹುದು, ನಗಲಿ.